ಒಂದು ಗಾಡಿ ಮರಳು

ಮನೆ ಕಟ್ಟುವ ಕಡೆ ಮರಳಿನ ರಾಶಿ ಬಿತ್ತೆಂದರೆ ಸಾಕು, ಬೀದಿಯ ಮಕ್ಕಳೆಲ್ಲ ಅಲ್ಲೇ. ಪಕ್ಕದ ಪಾರ್ಕಿನ ಜಾರುಬಂಡೆ ಖಾಲಿ.

ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕ ಸೋರೆನ್‌ಸೆನ್ ಕೂಡ ಇದನ್ನು ಗಮನಿಸಿದ್ದರು. ಅವರು ರೂಪಿಸಿದ ಆಟದ ಬಯಲು ಬಿಟ್ಟು ಮಕ್ಕಳು ಬೇರೆಲ್ಲೋ ಆಡುತ್ತಿದ್ದರು. ಅವರ ಆಲೋಚನೆಯಂತೆ 1943ರಲ್ಲಿ ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಹೊಸ ಬಗೆಯ ಬಯಲೊಂದು ತೆರೆಯಿತು. ಆಗ ಯುದ್ಧಕಾಲ, ದೇಶ ಜರ್ಮನರ ವಶದಲ್ಲಿತ್ತು. ಆ ಬಯಲಿನಲ್ಲಿ ಇದ್ದದ್ದು ಮಣ್ಣು, ಹಲಗೆ, ಇಟ್ಟಿಗೆ. ಮಕ್ಕಳು ಅಗೆದರು, ಗುಡಿಸಲು ಕಟ್ಟಿದರು, ಕೆಡವಿ ಮತ್ತೆ ಕಟ್ಟಿದರು. ಜೊತೆಗೆ ಹಿರಿಯರೊಬ್ಬರಿದ್ದರು. ಆಟ ಹೇಳಿಕೊಡುವುದು ಅವರ ಕೆಲಸವಾಗಿರಲಿಲ್ಲ. ನನಗೆ ತುಂಬ ಹಿಡಿಸಿದ್ದು ಇದೇ.

ಜಾರುಬಂಡೆಯಲ್ಲಿ ಜಾರಬಹುದು, ಅಷ್ಟೇ. ಮರಳು ಹಾಗಲ್ಲ. ಇವತ್ತು ಕೋಟೆ, ನಾಳೆ ಕೆರೆ, ನಾಡಿದ್ದು ಗುಬ್ಬಿಗೂಡು. ಒದ್ದೆ ಮರಳು ಯಾಕೆ ನಿಲ್ಲುತ್ತದೆ, ನೀರು ಯಾವ ಕಡೆ ಹರಿಯುತ್ತದೆ, ಎಲ್ಲ ಕೈಗೇ ತಿಳಿಯುತ್ತದೆ.

ನಮ್ಮ ಎಷ್ಟೋ ಶಾಲೆಗಳ ಅಂಗಳಕ್ಕೆ ಈಗ ಸಿಮೆಂಟು ಬೀಳುತ್ತಿದೆ. ನೋಡಿದರೆ ಸಂಕಟವಾಗುತ್ತದೆ. ಒಂದು ಮೂಲೆಯನ್ನಾದರೂ ಹಾಗೇ ಉಳಿಸಿಕೊಳ್ಳೋಣ. ಹೊಂಗೆಯ ನೆರಳು, ಒಂದು ಗಾಡಿ ಮರಳು, ನಾಲ್ಕು ಬಿದಿರಿನ ತುಂಡು, ಹತ್ತಿರದಲ್ಲೊಂದು ನಲ್ಲಿ. ಗಾಜು, ಮೊಳೆ ಆರಿಸಿ ತೆಗೆಯುವ ಕೆಲಸ ದೊಡ್ಡವರದು. ನಿಮ್ಮೂರ ಶಾಲೆಯ ಮುಖ್ಯೋಪಾಧ್ಯಾಯರನ್ನು ಈ ವಾರವೇ ಒಮ್ಮೆ ಕೇಳಿ ನೋಡಿ.