ವಕೀಲರನ್ನು ಹಿಡಿಯುವ ಮುನ್ನ

ವಾಚನಾಲಯದ ರವಿವಾರದ ಸಭೆಯಲ್ಲಿ ಆಡಿದ ಮಾತುಗಳು



ಈ ಮೇಜಿನ ಹಿಂದೆ ನಿಂತು ಭಾಷಣ ಮಾಡುವ ಯೋಗ್ಯತೆ ನಮಗಿಲ್ಲ. ನಾವು ಗಿರಣಿಯಲ್ಲಿ ಹಾಜರಿ ಪಟ್ಟಿ ಬರೆಯುವ ಗುಮಾಸ್ತರು. ಓದು ಮ್ಯಾಟ್ರಿಕ್ಕಿಗೇ ನಿಂತಿತು. ಸಂಜೆ ಈ ವಾಚನಾಲಯದ ಬೀಗ ತೆಗೆದು, ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ರಾತ್ರಿ ಮತ್ತೆ ಎತ್ತಿಡುವುದಷ್ಟೇ ನಮ್ಮ ಸೇವೆ. ಆದರೂ ಕಾರ್ಯದರ್ಶಿಗಳು ನಮ್ಮನ್ನೇ ಎಬ್ಬಿಸಿ ನಿಲ್ಲಿಸಿದ್ದಾರೆ. ಕಾರಣ, ವಕೀಲರನ್ನು ಹಿಡಿಯುವುದರಲ್ಲಿ ಮೋಸಹೋದವರು ನಾವೇ. ಮೋಸಹೋದವನಿಗೆ ದಾರಿ ಚೆನ್ನಾಗಿ ನೆನಪಿರುತ್ತದೆ ಎಂದು ಅವರ ವಾದ. ಇರಲಿ.

ಹೋದ ತಿಂಗಳು ಇಲ್ಲಿಗೆ ಬಂದಿದ್ದ ತರುಣರೊಬ್ಬರು, “ಅಮೇರಿಕದಲ್ಲಿ ನಾಗರಿಕ ಹಕ್ಕಿನ ವಕೀಲರೆಂದು ಬೇರೆಯೇ ಇರುತ್ತಾರಂತೆ, ನಮ್ಮಲ್ಲಿ ಅವರ ಬೋರ್ಡು ಎಲ್ಲಿದೆ?” ಎಂದು ಕೇಳಿದರು. ಅಲ್ಲಿ ಇರುವುದು ನಿಜ. ಪೋಲೀಸರೋ ಸರಕಾರಿ ಅಧಿಕಾರಿಯೋ ಹಕ್ಕು ಮುರಿದರೆಂದು ದಾವೆ ಹೂಡಿ ಗೆದ್ದವನಿಗೆ ವಕೀಲರ ಫೀಯನ್ನು ಎದುರು ಪಕ್ಷದಿಂದಲೇ ಕೊಡಿಸಬಹುದೆಂದು ಅಲ್ಲಿ ೧೯೭೬ರಲ್ಲಿ ಒಂದು ಕಾನೂನೇ ಆಯಿತು. ಗೆದ್ದ ಹಣದಲ್ಲಿ ಪಾಲು ಕೊಡುವ ಕರಾರೂ ಅಲ್ಲಿ ನಡೆಯುತ್ತದೆ. ನಮ್ಮ ದೇಶದಲ್ಲಿ ಹಾಗಿಲ್ಲ. ಬಾರ್ ಕೌನ್ಸಿಲಿನ ನಿಯಮದಂತೆ ವಕೀಲರು ಗೆಲುವಿನಲ್ಲಿ ಪಾಲು ಕೇಳುವಂತಿಲ್ಲ, ದಲ್ಲಾಳಿಯನ್ನಿಟ್ಟು ಕಕ್ಷಿಗಾರರನ್ನು ಹಿಡಿಸುವಂತಿಲ್ಲ, ಜಾಹೀರಾತು ಹಾಕುವಂತಿಲ್ಲ. ಇಷ್ಟು ನಮಗೆ ಮೊದಲೇ ತಿಳಿದಿದ್ದರೆ ಎಂಟು ಸಾವಿರ ರೂಪಾಯಿ ಉಳಿಯುತ್ತಿತ್ತು, ಒಬ್ಬ ಬಡವನ ಹನ್ನೊಂದು ದಿನವೂ ಉಳಿಯುತ್ತಿತ್ತು.

ನಡೆದದ್ದನ್ನು ಹೇಳುತ್ತೇವೆ. ನಮ್ಮಲ್ಲಿ ಟವೆಲ್ಲಿನ ಗಂಟು ಹೊರುವ ಹಮಾಲರೊಬ್ಬರು, ಇಂಡಿ ತಾಲೂಕಿನ ಕಡೆಯವರು. ಕನ್ನಡದಲ್ಲಿ ಸಹಿ ಹಾಕಬಲ್ಲರು, ಮರಾಠಿ ಮಾತಾಡಬಲ್ಲರು, ಓದಲಾರರು. ಒಂದು ದಿನ ಲೆಕ್ಕದಲ್ಲಿ ಎರಡು ಗಂಟು ಕಡಿಮೆ ಬಂದವು. ಸಂಜೆ ಪಾಳಿ ಬಿಟ್ಟಾಗ ಗೇಟಿನಲ್ಲೇ ಅವರನ್ನು ಪೋಲೀಸರು ಕರೆದುಕೊಂಡು ಹೋದರು. ಸುದ್ದಿ ತಿಳಿದು ನಾವು ಮೂವರು ರಾತ್ರಿ ಹತ್ತಕ್ಕೆ ಠಾಣೆಗೆ ಹೋದೆವು. “ಬೆಳಿಗ್ಗೆ ಕೋರ್ಟಿಗೆ ಬನ್ನಿ” ಎಂದರು. ನಾವು ಕೈಮುಗಿದು ಹೊರಗೆ ಬಂದು ಚಹದ ಅಂಗಡಿಯ ಬಾಕಿನ ಮೇಲೆ ಕೂತೆವು. ಒಳಗಿದ್ದವರಿಗೆ ಆ ರಾತ್ರಿಯೇ ವಕೀಲರನ್ನು ಕಾಣುವ ಹಕ್ಕಿತ್ತೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ದಿನವೂ ಈ ಕೋಣೆಯಲ್ಲಿ ಏಳು ಪತ್ರಿಕೆ ಓದುವವರು ನಾವು!

ಬೆಳಿಗ್ಗೆ ಕೋರ್ಟಿನ ಆವರಣದಲ್ಲಿ ಬಗಲಲ್ಲಿ ಫೈಲು ಹಿಡಿದವನೊಬ್ಬ ತಾನಾಗಿಯೇ ಬಂದು “ಯಾವ ಕೇಸು?” ಎಂದ. ದೇವರೇ ಕಳಿಸಿದನೆಂದು ತಿಳಿದೆವು. ಅವನು ಒಬ್ಬ ವಕೀಲರಲ್ಲಿಗೆ ಕರೆದೊಯ್ದ. ಅವರು ನಮ್ಮ ಮುಖ ನೋಡಲಿಲ್ಲ, ಏನಾಯಿತೆಂದು ಕೇಳಲಿಲ್ಲ, ಮೊತ್ತ ಮಾತ್ರ ಹೇಳಿದರು. ಚಾಳಿನಲ್ಲಿ ಕೂಡಿಸಿದ ಎಂಟು ಸಾವಿರ ಎಣಿಸಿದೆವು. ರಸೀದಿ ಕೇಳಲು ನಾಚಿಕೆ. ಹಮಾಲರಿಂದ ನಾಲ್ಕು ಕಾಗದಕ್ಕೆ ಸಹಿ ಹಾಕಿಸಿದರು; ಅದರಲ್ಲಿ ಎರಡು ಬರೀ ಬಿಳಿ ಕಾಗದ. “ಹಾಕಪ್ಪಾ, ವಕೀಲರು ಹೇಳುತ್ತಿದ್ದಾರೆ” ಎಂದವರು ನಾವೇ. ಆಮೇಲೆ ಆ ವಕೀಲರು ಜಾಮೀನಿನ ಅರ್ಜಿಯನ್ನೇ ಹಾಕಲಿಲ್ಲ. ಪ್ರತಿ ಸಲವೂ “ನಾಳೆ” ಎಂದರು. ಹನ್ನೊಂದನೆಯ ದಿನ ಕೋರ್ಟಿನ ಬೇಲಿಯ ಬಳಿ ಕೂತು ಅರ್ಜಿ ಟೈಪು ಮಾಡುವ ಮುದುಕರೊಬ್ಬರು ನಮ್ಮ ಕನ್ನಡ ಕೇಳಿ ಕರೆದು, “ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೇ ಕಟ್ಟಡದಲ್ಲಿದೆಯಲ್ಲ, ಅಲ್ಲಿಗೆ ಹೋಗಲಿಲ್ಲವೇ?” ಎಂದರು. ಹನ್ನೊಂದು ದಿನ ಆ ಬಾಗಿಲಿನ ಮುಂದೆಯೇ ನಡೆದಾಡಿದ್ದೆವು.

ಆ ಕಚೇರಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬಡತನದಿಂದ ಯಾರಿಗೂ ನ್ಯಾಯ ತಪ್ಪಬಾರದು, ಸರಕಾರ ಉಚಿತ ಕಾನೂನು ನೆರವು ಕೊಡಬೇಕು ಎಂಬ ಮಾತು ೧೯೭೬ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿತು. ಅದಕ್ಕಾಗಿ ೧೯೮೭ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವಾಗಿ, ೧೯೯೫ರ ನವೆಂಬರ್ ೯ರಿಂದ ಜಾರಿಗೆ ಬಂತು. ಅದರ ೧೨ನೆಯ ಕಲಮಿನಲ್ಲಿ ಯಾರಿಗೆ ಸರಕಾರಿ ಖರ್ಚಿನಲ್ಲಿ ವಕೀಲರು ಎಂಬ ಪಟ್ಟಿ ಇದೆ. ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿರುವವರು, ನೆರೆ, ಬರ, ಭೂಕಂಪಕ್ಕೆ ಸಿಕ್ಕವರು. ನಡುವೆ ಇನ್ನೊಂದು ಹೆಸರಿದೆ, ಅದನ್ನು ಓದಿದಾಗ ನಾವು ಬೆಚ್ಚಿದೆವು: ಕೈಗಾರಿಕಾ ಕಾರ್ಮಿಕ. ಇವರಾರಿಗೂ ಇಷ್ಟೇ ವರಮಾನವಿರಬೇಕೆಂಬ ಕಟ್ಟಿಲ್ಲ. ಕೇಸಿನಲ್ಲಿ ಮೇಲುನೋಟಕ್ಕೆ ಹುರುಳಿದೆಯೆಂದು ಕಚೇರಿಗೆ ಕಂಡರೆ ಸಾಕು. ಕಾರ್ಮಿಕ ಕಾನೂನಿನಲ್ಲಿ ಗುಮಾಸ್ತೆಯ ಕೆಲಸವೂ ಆ ಮಾತಿನೊಳಗೆ ಬರುತ್ತದೆ. ಅಂದರೆ ಈ ಸಭೆಯಲ್ಲಿ ಕೂತವರಲ್ಲಿ ಬಹುಮಂದಿ ಆ ಪಟ್ಟಿಯಲ್ಲಿದ್ದಾರೆ. ಜಿಲ್ಲಾ ಕೋರ್ಟಿನಲ್ಲಿ ಅರ್ಜಿ ಕೊಡಬೇಕು. ದೂರವಿದ್ದರೆ ೧೫೧೦೦ ಎಂಬ ಟೆಲಿಫೋನಿಗೆ ಕೇಳಬಹುದು. ಅಲ್ಲಿಂದ ನೇಮಕವಾದ ವಕೀಲರು ನಮ್ಮಿಂದ ಒಂದು ಕಾಸೂ ಕೇಳಬಾರದು.

“ಧರ್ಮಕ್ಕೆ ಬಂದ ವಕೀಲ ಕೆಲಸ ಮಾಡುತ್ತಾನೆಯೇ?” ಎಂದು ಹಿಂದಿನ ಸಾಲಿನಿಂದ ಯಾರೋ ಪಿಸುಗುಟ್ಟಿದರು. ಕೇಳಿಸಿತು. ಮಾಡದವರೂ ಇದ್ದಾರೆ, ಆಗ ಅದೇ ಕಚೇರಿಗೆ ಬರೆದುಕೊಟ್ಟು ಬೇರೊಬ್ಬರನ್ನು ಕೇಳಬೇಕು. ನಮಗೆ ಸಿಕ್ಕವರು ಎಳೆವಯಸ್ಸಿನ ಹೆಣ್ಣುಮಗಳು. ನಮ್ಮ ಗಿರಣಿಯ ಹೊರೆ ಚೀಟಿಗಳನ್ನು ಒಂದೊಂದಾಗಿ ನೋಡಿ, ಗಂಟು ಕಳೆದ ದಿನ ಈ ಹಮಾಲರ ಹಾಜರಿ ಯಾವ ಪಾಳಿಯಲ್ಲಿತ್ತೆಂದು ಮೊದಲು ಕೇಳಿದವರು ಅವರೇ. ಹಾಜರಿ ಬರೆದವರು ನಾವು. ನಮಗೇ ಅದು ಹೊಳೆದಿರಲಿಲ್ಲ.

ಆದರೆ ಅವರು ನಿಲ್ಲುವ ಮೊದಲು ಹಳೆಯ ವಕಾಲತ್ತು ಬಿಡಿಸಬೇಕಾಯಿತು. ವಕಾಲತ್ತುನಾಮೆ ಎಂದರೆ ನಮ್ಮ ಬದಲು ನಿಲ್ಲುವ, ಮಾತಾಡುವ, ಅನೇಕ ಸಲ ರಾಜಿ ಮಾಡಿಕೊಳ್ಳುವ ಅಧಿಕಾರವನ್ನೂ ಬರೆದುಕೊಡುವ ಕಾಗದ. ಅದು ಮರಾಠಿಯಲ್ಲೋ ಇಂಗ್ಲೀಷಿನಲ್ಲೋ ಅಚ್ಚಾಗಿರುತ್ತದೆ. ಓದಿಸಿ, ಅರ್ಥ ಕೇಳಿ, ಆಮೇಲೆ ಸಹಿ. ಬಿಳಿ ಕಾಗದಕ್ಕೆ ಯಾರು ಹೇಳಿದರೂ ಬೇಡ. ವಕೀಲರನ್ನು ಬದಲಿಸುವಾಗ ಹಳಬರಿಂದ ಆಕ್ಷೇಪಣೆಯಿಲ್ಲವೆಂಬ ಬರೆಹ ತರುವುದು ರೂಢಿ. ಅವರು ಕೊಡದಿದ್ದರೆ ಕೋರ್ಟಿಗೇ ಅರಿಕೆ ಮಾಡಬೇಕು. ನಮ್ಮವರು “ಬಾಕಿ ಫೀ ಕೊಡದೆ ಕಾಗದ ಕೊಡೆ” ಎಂದು ಕೂತರು. ಹೀಗೆ ಕಕ್ಷಿಗಾರನ ಕಾಗದ ಹಿಡಿದಿಡುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟು ೨೦೦೦ನೆಯ ಇಸವಿಯಲ್ಲೇ ತೀರ್ಮಾನಿಸಿದೆ; ಫೀ ಬಾಕಿಯಿದ್ದರೆ ಅದಕ್ಕೆ ಬೇರೆ ದಾರಿ ಹಿಡಿಯಬೇಕು. ಹೊಸ ವಕೀಲರು ಅದನ್ನು ಮೆತ್ತಗೆ ನೆನಪಿಸಿದ ಮೇಲೆ ಕಾಗದಗಳು ಬಂದವು. ನಾಲ್ಕನೆಯ ದಿನ ಜಾಮೀನು ಆಯಿತು. ಎಂಟು ಸಾವಿರ ಬರಲಿಲ್ಲ. ವಕೀಲರ ಸೇವೆ ಗ್ರಾಹಕ ಕಾನೂನಿಗೆ ಒಳಪಡುವುದಿಲ್ಲವೆಂದು ೨೦೨೪ರ ಮೇ ೧೪ರಂದು ಸುಪ್ರೀಂ ಕೋರ್ಟು ಹೇಳಿರುವುದರಿಂದ ಗ್ರಾಹಕರ ಕೋರ್ಟಿನ ಬಾಗಿಲು ಮುಚ್ಚಿದೆ. ದುರ್ನಡತೆಯಿದ್ದರೆ ೧೯೬೧ರ ವಕೀಲರ ಅಧಿನಿಯಮದಂತೆ ರಾಜ್ಯದ ಬಾರ್ ಕೌನ್ಸಿಲಿಗೆ ದೂರು ಕೊಡಬಹುದು. ಅದಕ್ಕೂ ಪುರಾವೆ ಬೇಕು. ರಸೀದಿಯೇ ಇಲ್ಲದ ನಾವು ಏನು ತೋರಿಸೋಣ?

ಆ ರಾತ್ರಿಯ ಮಾತಿಗೆ ಬರುತ್ತೇವೆ. ಹಿಡಿದ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಗೊಡಬೇಕು, ದಾರಿಯ ಹೊತ್ತು ಬಿಟ್ಟು ೨೪ ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಬೇಕು ಎಂದು ಸಂವಿಧಾನದ ೨೨ನೆಯ ಅನುಚ್ಛೇದ ಹೇಳುತ್ತದೆ. ೨೦೨೪ರ ಜುಲೈ ೧ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೩೮ನೆಯ ಕಲಮಿನಂತೆ ವಿಚಾರಣೆಯ ನಡುವೆಯೂ ವಕೀಲರನ್ನು ಕಾಣಬಹುದು, ವಿಚಾರಣೆ ಮುಗಿಯುವ ತನಕ ಅವರು ಪಕ್ಕದಲ್ಲೇ ಕೂತಿರುವಂತಿಲ್ಲ ಅಷ್ಟೆ. ಕೇಳಲು ತಿಳಿಯದವನಿಗೆ ಹಕ್ಕು ಹೋಯಿತೇ? ಇಲ್ಲ. ಅರುಣಾಚಲದ ಸುಖದಾಸ್ ಎಂಬವರ ಮೊಕದ್ದಮೆಯಲ್ಲಿ, ಆರೋಪಿ ಕೇಳಲಿಲ್ಲವೆಂದು ವಕೀಲರನ್ನು ಕೊಡದೆ ವಿಧಿಸಿದ ಶಿಕ್ಷೆಯನ್ನು ಸುಪ್ರೀಂ ಕೋರ್ಟು ೧೯೮೬ರಲ್ಲಿ ರದ್ದು ಮಾಡಿತು.

ಇನ್ನು, ಸರಕಾರವನ್ನೇ ಎದುರು ಹಾಕಿಕೊಳ್ಳುವ ದೊಡ್ಡ ದಾವೆ. ೧೯೮೧ರ ಜುಲೈ ೨೩ರಂದು ಮುಂಬಯಿಯ ಪಾದಚಾರಿ ದಾರಿಯ ಗುಡಿಸಲು ಕಿತ್ತು, ಅಂಗಮುತ್ತು ಎಂಬ ಕೂಲಿಕಾರರನ್ನು ಹೆಂಡತಿ ಮಕ್ಕಳ ಸಹಿತ ಬಸ್ಸಿಗೆ ಹಾಕಿ ಸೇಲಮ್ಮಿಗೆ ಕಳಿಸಿದರು. ಅವರು ಕೆಲಸ ಹುಡುಕುತ್ತ ಮರಳಿ ಬಂದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರೂ ಸುಪ್ರೀಂ ಕೋರ್ಟಿಗೆ ಹೋದರು. ವಾದಿಸಿದವರಲ್ಲಿ ಇಂದಿರಾ ಜೈಸಿಂಗ್ ಒಬ್ಬರು. ೧೯೮೫ರ ಜುಲೈ ೧೦ರ ತೀರ್ಪಿನಲ್ಲಿ ಜೀವಿಸುವ ಹಕ್ಕಿನೊಳಗೆ ಹೊಟ್ಟೆಪಾಡಿನ ಹಕ್ಕೂ ಇದೆ ಎಂಬ ಮಾತು ಸಿಕ್ಕಿತು. ಆದರೆ ಪಾದಚಾರಿ ದಾರಿಯ ಜಾಗ ಉಳಿಯಲಿಲ್ಲ. ಮಳೆಗಾಲ ಕಳೆಯುವ ತನಕ ತೆಗೆಯಬೇಡಿ ಎಂಬ ಸಮಯ ಮಾತ್ರ ಸಿಕ್ಕಿತು. ಇನ್ನೂ ಹಿಂದೆ ಹೋದರೆ, ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ಬಾಬಾಸಾಹೇಬ ಅಂಬೇಡ್ಕರರ ಮೇಲೆ ೧೯೨೭ರಲ್ಲಿ ಹೂಡಿದ ದಾವೆ ಮುಂಬಯಿ ಹೈಕೋರ್ಟಿನಲ್ಲಿ ಮುಗಿದದ್ದು ೧೯೩೭ರ ಮಾರ್ಚ್ ೧೭ರಂದು. ಸ್ವತಃ ಬ್ಯಾರಿಸ್ಟರರಿಗೇ ಹತ್ತು ವರ್ಷ ಹಿಡಿಯಿತು. ಆದುದರಿಂದ ಮೊದಲ ಭೇಟಿಯಲ್ಲೇ “ಗೆದ್ದೇ ಗೆಲ್ಲುತ್ತೀರಿ” ಎನ್ನುವ ವಕೀಲರಿಗಿಂತ, “ಇಷ್ಟು ಆಗಬಹುದು, ಇಷ್ಟು ಆಗದು” ಎನ್ನುವವರೇ ನಮಗೆ ಮೇಲೆನಿಸುತ್ತಾರೆ. ಒಂದು ಅನುಕೂಲ ಆಗಿದೆ: ಸೊಲ್ಲಾಪುರದವರಾದ ನಾವು ಹೈಕೋರ್ಟಿಗಾಗಿ ಮುಂಬಯಿಗೆ ರಾತ್ರಿ ರೈಲು ಹತ್ತುತ್ತಿದ್ದೆವು, ೨೦೨೫ರ ಆಗಸ್ಟ್ ೧೮ರಿಂದ ಕೊಲ್ಹಾಪುರದಲ್ಲಿ ಅದರ ಪೀಠ ಕೂತಿದೆ.

ಇನ್ನೆರಡು ಮಾತು. ಹೊಸ ವಕೀಲರು ವಕಾಲತ್ತುನಾಮೆಯ ಖಾಲಿ ನಮೂನೆಯೊಂದನ್ನು ಕೊಟ್ಟಿದ್ದಾರೆ. ಅದರ ಕನ್ನಡ ಅರ್ಥವನ್ನು ಬರೆದು, ಅವರಿಗೆ ಓದಿ ತೋರಿಸಿ, ಆ ಗೋಡೆಗೆ ಅಂಟಿಸಿದ್ದೇವೆ. ನಮ್ಮ ಹಮಾಲರ ಕೇಸು ಇನ್ನೂ ನಡೆದಿದೆ; ಮುಂದಿನ ತಾರೀಖು ಬರುವ ಬುಧವಾರ. ಎರಡನೆಯ ಪಾಳಿಯವರು ಯಾರಾದರೂ ಜೊತೆಗೆ ಬರುವುದಾದರೆ ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆಯಿರಿ. ಹತ್ತೂವರೆಗೆ ಕೋರ್ಟಿನಲ್ಲಿರಬೇಕು.