ಪೆನ್ಸಿಲಿನ ಆಟ, ಪೆನ್ಸಿಲಿನ ಬೆಲೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನದ ಸಂಭ್ರಮದಲ್ಲಿ ದೊಡ್ಡ ವಿಷಯಗಳನ್ನು ಕುರಿತು ಮಾತನಾಡುವವರು ಅನೇಕರಿದ್ದಾರೆ. ನಾನು ಚಿಕ್ಕದೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಶಾಲೆಯ ಬಿಡುವಿನ ವೇಳೆಯಲ್ಲಿ ನಮ್ಮ ಮಕ್ಕಳು ಆಡುವ ಪೆನ್ಸಿಲಿನ ಆಟ. ಇದನ್ನು ನಿಲ್ಲಿಸಿರೆಂದು ಕೆಲವು ಪಾಲಕರೂ, ಮಕ್ಕಳಾಟವೆಂದು ಬಿಟ್ಟುಬಿಡಿರೆಂದು ಮತ್ತೆ ಕೆಲವರೂ ನನ್ನಲ್ಲಿ ಹೇಳಿರುವುದರಿಂದ ಈ ನಾಲ್ಕು ಮಾತುಗಳು.

ಆಟದ ಕ್ರಮ ಸರಳವಾದುದು. ಇಬ್ಬರು ಹುಡುಗರು ತಂತಮ್ಮ ಪೆನ್ಸಿಲನ್ನು ಬೆಂಚಿನ ಮೇಲಿಟ್ಟು, ಸರದಿಯಂತೆ ಬೆರಳಿನಿಂದ ಚಿಮ್ಮಿ, ಎದುರಾಳಿಯ ಪೆನ್ಸಿಲನ್ನು ಕೆಳಗೆ ಕೆಡವಬೇಕು. ತನ್ನದೇ ಬಿದ್ದರೆ ಸೋಲು. ಇನ್ನೊಂದು ಬಗೆಯಲ್ಲಿ ಒಬ್ಬನು ಪೆನ್ಸಿಲಿನ ಎರಡು ತುದಿಗಳನ್ನು ಹಿಡಿದು ನಿಲ್ಲುತ್ತಾನೆ; ಮತ್ತೊಬ್ಬನು ತನ್ನ ಪೆನ್ಸಿಲಿನಿಂದ ಅದಕ್ಕೆ ಹೊಡೆಯುತ್ತಾನೆ; ಯಾರದು ಮುರಿಯಿತೋ ಅವನು ಸೋತಂತೆ. ನಮ್ಮ ಬಾಲ್ಯವು ಪಾಟಿಯ ಕಾಲ. ಕಲ್ಲಿನ ಪೆನ್ಸಿಲು ಹೊಡೆತವನ್ನು ತಾಳದು. ಆದ್ದರಿಂದ ನಾವು ಚಿಮ್ಮುವ ಆಟವನ್ನೇ ಆಡುತ್ತಿದ್ದೆವು.

ಈ ಆಟದಲ್ಲಿ ವಿದ್ಯೆಯೂ ಅಡಗಿದೆ. ನಡುವಿಗೆ ಚಿಮ್ಮಿದರೆ ಪೆನ್ಸಿಲು ನೇರವಾಗಿ ಸರಿಯುತ್ತದೆ. ತುದಿಗೆ ಚಿಮ್ಮಿದರೆ ಗಿರ್ರನೆ ತಿರುಗುತ್ತದೆ. ದುಂಡು ಪೆನ್ಸಿಲು ಉರುಳಿಹೋದರೆ ಆರು ಮುಖದ್ದು ನಿಲ್ಲುತ್ತದೆ. ಭೌತಶಾಸ್ತ್ರದ ಪಾಠವನ್ನು ಇದಕ್ಕಿಂತ ಅಗ್ಗವಾಗಿ ಯಾರೂ ಕಲಿಸಲಾರರು. ಆದುದರಿಂದ ಆಟವನ್ನೇ ಹಳಿಯುವವರೊಡನೆ ನಾನು ಸೇರಲಾರೆ.

ತೊಡಕಿರುವುದು ಪಣದಲ್ಲಿ. ಗೆದ್ದವನು ಸೋತವನ ಪೆನ್ಸಿಲನ್ನು ಕೊಂಡೊಯ್ಯುವುದುಂಟು. ಗೋಲಿಯಾಟದಲ್ಲಿ ಗೋಲಿ ಹೋದರೆ ಆಟ ಮಾತ್ರ ನಿಲ್ಲುತ್ತದೆ. ಇಲ್ಲಿ ಪೆನ್ಸಿಲು ಹೋದರೆ ಬರೆಹವೇ ನಿಲ್ಲುತ್ತದೆ. ಡಬ್ಬಿಯ ತುಂಬ ಪೆನ್ಸಿಲು ತರುವ ಮಗುವಿಗೆ ಹತ್ತು ಸಲ ಸೋತರೂ ಚಿಂತೆಯಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ದಿನಗೂಲಿ ತರುವ ತಾಯಿಯ ಮಗುವಿಗಾಗಲಿ, ರಾಣೇಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ತಂದೆಯ ಮಗುವಿಗಾಗಲಿ ಒಂದು ಸೋಲೇ ಸಾಕು. ಮರುಗಳಿಗೆಯಲ್ಲಿ ಶಿಕ್ಷಕರು ಉಕ್ತಲೇಖನ ಹೇಳುವಾಗ ಅದು ಬರಿಗೈಯಲ್ಲಿ ಕುಳಿತಿರುತ್ತದೆ. "ಪೆನ್ಸಿಲು ಎಲ್ಲಿ?" ಎಂದು ಗದರಿದರೆ ಉತ್ತರಿಸದು, ಮನೆಯಲ್ಲಿ ಹೇಳಲು ಅದಕ್ಕೆ ಇನ್ನೂ ಅಂಜಿಕೆ. 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲಿನ ಮೇಲಿದ್ದ ಶೇಕಡಾ 12ರ ಜಿ.ಎಸ್.ಟಿ. ರದ್ದಾಗಿದೆ, ನಿಜ. ಆದರೆ ಇದ್ದ ಒಂದನ್ನೇ ಕಳೆದುಕೊಂಡವನಿಗೆ ತೆರಿಗೆ ಇಳಿದುದರಿಂದ ಆ ದಿನ ಏನೂ ಒದಗದು.

ಪೆನ್ಸಿಲಿನ ಬೆಲೆ ಅಂಗಡಿಯ ಬೆಲೆಯಷ್ಟೇ ಅಲ್ಲ. ಕಾಶ್ಮೀರದ ಪುಲ್ವಾಮಾ ಜಿಲ್ಲೆಯ ಉಖೂ ಗ್ರಾಮದಲ್ಲಿ ಪಾಪ್ಲರ್ ಮರವನ್ನು ಕೊಯ್ದು ಪೆನ್ಸಿಲಿನ ಪಟ್ಟಿಗಳನ್ನು ಸಿದ್ಧಗೊಳಿಸುವವರಿದ್ದಾರೆ. ಪಾಟಿಯ ಪೆನ್ಸಿಲಿನ ಕಥೆ ಮತ್ತಷ್ಟು ಕಠೋರ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಕಲ್ಲು ಕೊಯ್ದು ಅದನ್ನು ತಯಾರಿಸುತ್ತಿದ್ದವರ ಶ್ವಾಸಕೋಶಕ್ಕೆ ಧೂಳು ಸೇರಿ ಸಿಲಿಕೋಸಿಸ್ ಎಂಬ ರೋಗ ಅಂಟಿತು. 1985ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದರಲ್ಲಿ, ಪರೀಕ್ಷೆಗೊಳಗಾದ ಕಾರ್ಮಿಕರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ರೋಗವಿದ್ದುದು ಕಂಡುಬಂದಿತು. ನಾವು ಅಕ್ಷರ ತಿದ್ದಿದ ಕಡ್ಡಿಯ ಹಿಂದೆ ಯಾರದೋ ಉಸಿರು ಸವೆದಿತ್ತು. ಇದನ್ನು ತಿಳಿದ ಮಗು ಪಂತಕ್ಕಾಗಿ ಪೆನ್ಸಿಲು ಮುರಿಯುವ ಮುನ್ನ ಒಂದು ಕ್ಷಣ ಯೋಚಿಸೀತು.

ಹಾಗಾದರೆ ಮಾಡಬೇಕಾದುದೇನು? ನಿಷೇಧಿಸಿದರೆ ಆಟವು ಬೆಂಚಿನಿಂದ ಗೋಡೆಯ ಮರೆಗೆ ಹೋಗುತ್ತದೆ, ಅಷ್ಟೆ. ಕಿತ್ತುಕೊಂಡು ಮೇಜಿನ ಖಾನೆಗೆ ಹಾಕಿದರೆ ಮಗು ಎರಡು ಸಲ ಸೋತಂತಾಗುತ್ತದೆ. ಮಕ್ಕಳನ್ನೇ ಕೂರಿಸಿಕೊಂಡು ನಿಯಮಗಳನ್ನು ಅವರ ಬಾಯಿಂದಲೇ ಹೇಳಿಸುವುದು ಮೇಲು. ಬರೆದು ಸವೆದ ಮೋಟು ಪೆನ್ಸಿಲಿನಿಂದ ಆಡಲಿ. ಗೆಲುವನ್ನು ಎಣಿಸಲಿ, ಪೆನ್ಸಿಲನ್ನು ಮರಳಿಸಲಿ. ಸಿಬಿರು ಕಣ್ಣಿಗೆ ಹಾರಬಹುದಾದ್ದರಿಂದ ಮುರಿಯುವ ಆಟವನ್ನು ಬಿಡಲಿ. ತಾವೇ ಮಾಡಿದ ನಿಯಮವನ್ನು ಮಕ್ಕಳು ದೊಡ್ಡವರಿಗಿಂತ ನಿಷ್ಠೆಯಿಂದ ಪಾಲಿಸುತ್ತಾರೆ.

ತಂದೆತಾಯಿಗಳಲ್ಲಿ ನನ್ನದೊಂದೇ ವಿನಂತಿ. ನಿಮ್ಮ ಮಗನ ಪಾಟಿಚೀಲದಲ್ಲಿ ನೀವು ಕೊಡಿಸದ ಪೆನ್ಸಿಲು ಕಂಡರೆ, ಜಾಣನೆಂದು ಬೆನ್ನು ತಟ್ಟುವ ಮುನ್ನ ಅದು ಯಾರದೆಂದು ಕೇಳಿರಿ. ನಾಳೆ ಅದನ್ನು ಅವನ ಕೈಯಿಂದಲೇ ಹಿಂದಿರುಗಿಸಿರಿ. ಗೆದ್ದವನ ಗೆಲುವು ಅದರಿಂದ ಕಡಿಮೆಯಾಗದು. ಸೋತವನು ಬರೆಯುವುದು ಮಾತ್ರ ಮುಂದುವರಿಯುವುದು.