ಯಾರ ಉಪ್ಪಿನ ಋಣ?

(ಪುಣೆಯಲ್ಲಿ ನೆಲೆಸಿರುವ ಕನ್ನಡ ಕ್ರೈಸ್ತ ಕುಟುಂಬಗಳ ಕೂಟದಲ್ಲಿ ನೀಡಿದ ದತ್ತಿ ಉಪನ್ಯಾಸ)



ನಮ್ಮಲ್ಲಿ ಹೆಚ್ಚಿನವರು ಊರಿಗೆ ಹೋಗುವುದು ಸೋಲಾಪುರದ ಮೇಲೆ ಹಾದು ಕಲಬುರಗಿಗೆ ಹೋಗುವ ಗಾಡಿಗಳಲ್ಲಿ. ಪುಣೆ ಬಿಟ್ಟ ಮೇಲೆ, ದೌಂಡ್ ಬರುವುದಕ್ಕೆ ಮುಂಚೆ, ಕೇಡಗಾಂವ್ ಎಂಬ ಸಣ್ಣ ನಿಲ್ದಾಣ ಹಿಂದೆ ಸರಿಯುತ್ತದೆ. ಎಷ್ಟೋ ವರ್ಷ ನನಗೆ ಅದು ಬುತ್ತಿ ಬಿಚ್ಚುವ ಹೊತ್ತಿನ ಗುರುತಾಗಿತ್ತು, ಅಷ್ಟೆ. ಅಲ್ಲಿ ಬದುಕಿ ಅಲ್ಲೇ ಮಣ್ಣಾದ ಹೆಂಗಸು ನಮ್ಮ ಸೀಮೆಯವಳು, ತುಂಗೆ ಭದ್ರೆ ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವಳು ಎಂಬುದು ತಿಳಿದದ್ದು ತಡವಾಗಿ. ಪಂಡಿತಾ ರಮಾಬಾಯಿ. ಈ ಸಂಜೆ ನನ್ನ ಮಾತು ಅವರ ಸುತ್ತಲೇ ಇರುತ್ತದೆ.

ದತ್ತಿಯ ಹಿರಿಯರು ಕೊಟ್ಟ ವಿಷಯ ‘ವಿಶ್ವಾಸಿ ಮತ್ತು ಲೋಕದೊಡನೆ ರಾಜಿ’. ನಮ್ಮ ಪ್ರಸಂಗಪೀಠಗಳಲ್ಲಿ ಈ ವಿಷಯ ಬಂದಾಗ ಒಂದು ಪಟ್ಟಿ ತಾನಾಗಿ ಬಾಯಿಗೆ ಬರುತ್ತದೆ: ಸಿನಿಮಾ, ಕುಡಿತ, ಒಡವೆ, ಮದುವೆಯ ಮನೆಯ ಕುಣಿತ. ಆ ಪಟ್ಟಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕುಡಿತ ಮುರಿದುಹಾಕಿದ ಮನೆಗಳ ಹೊಸ್ತಿಲಲ್ಲಿ ಕೂತು ಪ್ರಾರ್ಥಿಸಿದವನು ನಾನು. ಆದರೆ ನಲವತ್ತು ವರ್ಷ ಸಭೆಯ ಒಳಗಿದ್ದು ನೋಡಿದ ಮೇಲೆ ನನ್ನನ್ನು ಹೆಚ್ಚು ಹೆದರಿಸುವುದು ಬೇರೊಂದು. ಲೋಕ ನಮ್ಮನ್ನು ಗೆಲ್ಲುವುದು ಬಹಳ ಸಲ ಉಪಕಾರದಿಂದ. ಅದು ನಮಗೆ ಊಟ ಹಾಕುತ್ತದೆ, ಸೂರು ಕೊಡುತ್ತದೆ, ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಕೊಡುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಂಬಿ ಬೆಳೆದ ಜನ ನಾವು. ಭೂಮಿಗೆ ಉಪ್ಪಾಗಿರಲು ಕರೆಯಲ್ಪಟ್ಟವರು ನಾವೇ ಯಾರದೋ ಉಪ್ಪು ತಿಂದು, ಆ ಋಣಕ್ಕೆ ಸಪ್ಪಗಾಗುತ್ತೇವೆ.

ರಮಾಬಾಯಿ ನಾಲ್ಕು ಮನೆಗಳ ಉಪ್ಪು ತಿಂದವರು. ನಾಲ್ಕರಲ್ಲೂ ಕೃತಜ್ಞರಾಗಿದ್ದರು. ಯಾವ ಮನೆಗೂ ತಮ್ಮ ಮನಸ್ಸಾಕ್ಷಿಯನ್ನು ಬಾಡಿಗೆಯಾಗಿ ಕೊಡಲಿಲ್ಲ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಉಡುಪಿಯ ವಿದ್ವಾಂಸರ ಮುಂದೆ ನಿಂತು ಶಾಸ್ತ್ರದಿಂದಲೇ ಉತ್ತರ ಕೊಟ್ಟವರು. ಆ ಮನೆಯ ಮಗಳು ಪುರಾಣ ಹೇಳುತ್ತಾ ದೇಶ ಸುತ್ತಿದಳು. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡಳು. ಅಣ್ಣನೊಡನೆ ಕಾಲ್ನಡಿಗೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತ ಸೇರಿದಳು. ಅಲ್ಲಿಯ ಪಂಡಿತರು ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದು ಕೊಟ್ಟರು. ಜಾತಿ ಮೀರಿದ ಮದುವೆ, ಹೆಣ್ಣು ಮಗು, ಎರಡು ವರ್ಷ ತುಂಬುವುದರೊಳಗೆ ವೈಧವ್ಯ. 1882ರಲ್ಲಿ ಮಗು ಮನೋರಮೆಯನ್ನು ಎತ್ತಿಕೊಂಡು ಈ ಪುಣೆಗೆ ಬಂದಾಗ ಅವರಿಗೆ ವಯಸ್ಸು 24.

ಮೊದಲ ಉಪ್ಪು ಇಂಗ್ಲೆಂಡಿನದು. 1883ರಲ್ಲಿ ವಾಂಟೇಜ್ ಊರಿನ ಆಂಗ್ಲಿಕನ್ ಸನ್ಯಾಸಿನಿಯರು ಅವರಿಗೆ ಆಶ್ರಯ ಕೊಟ್ಟರು. ಅದೇ ಸೆಪ್ಟೆಂಬರಿನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಪರದೇಶ, ಕೈಯಲ್ಲಿ ಕಾಸಿಲ್ಲ, ಮಗುವನ್ನು ನೋಡಿಕೊಳ್ಳುವವರೂ ಆ ಸನ್ಯಾಸಿನಿಯರೇ. ಇಂಥ ಸ್ಥಿತಿಯಲ್ಲಿ ಯಾರಾದರೂ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ರಮಾಬಾಯಿ ತಮ್ಮ ಧರ್ಮತಾಯಿಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಪ್ರೀತಿಯಿಂದ, ಆದರೆ ಬಿಡದೆ ವಾದಿಸಿ ಕಾಗದ ಬರೆದರು. ಶಿಲುಬೆಯ ಮೇಲಿನ ಮಾತು ಲ್ಯಾಟಿನ್ನಿನಲ್ಲೇ ಏಕಿರಬೇಕು, ಸಂಸ್ಕೃತದಲ್ಲಿ ಏಕಿರಬಾರದು? ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳಬೇಡ ಎನ್ನಲು ಬಿಷಪ್ಪರು ಯಾರು? ಒಂದು ಪುರೋಹಿತ ವರ್ಗದ ನೊಗ ಇಳಿಸಿ ಬಂದವಳು ಇನ್ನೊಂದಕ್ಕೆ ಕೊರಳು ಕೊಡಲಾರೆ ಎಂಬ ನಿಲುವು ಆ ಪತ್ರಗಳಲ್ಲಿ ಸ್ಪಷ್ಟವಾಗಿದೆ. ಚರ್ಚಿನ ಒಳಗೂ ಲೋಕ ಇರುತ್ತದೆ ಎಂಬುದನ್ನು ಆಕೆ ದೀಕ್ಷೆ ಪಡೆದ ಹೊಸದರಲ್ಲೇ ಕಂಡುಕೊಂಡರು. ಗದ್ದುಗೆ, ದರ್ಜೆ, ಆಳುವವರ ಭಾಷೆಯ ಗತ್ತು ಇವೆಲ್ಲ ನಿಲುವಂಗಿ ತೊಟ್ಟು ಬಂದರೂ ಲೋಕವೇ.

ಎರಡನೆಯ ಉಪ್ಪು ಅಮೆರಿಕದ್ದು. 1887ರ ಕೊನೆಗೆ ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘ ಹುಟ್ಟಿ, ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವ ಮಾತಾಯಿತು. ಶಾಲೆಯಲ್ಲಿ ಮತಬೋಧನೆ ಇರಬಾರದೆಂಬುದು ಒಪ್ಪಂದ. 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಶುರುವಾಯಿತು, ಮರುವರ್ಷ ಪುಣೆಗೆ ಬಂತು. ಬ್ರಾಹ್ಮಣ ಹುಡುಗಿಯರು ತಮ್ಮ ಅಡುಗೆಯ ಮಡಿಮೈಲಿಗೆಯನ್ನು ಅಲ್ಲಿ ಉಳಿಸಿಕೊಳ್ಳಬಹುದಿತ್ತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದರು.

ಇದು ರಾಜಿಯಲ್ಲವೇ ಎಂದು ನೀವು ಕೇಳಬಹುದು. ನನಗೂ ಈ ಪ್ರಶ್ನೆ ಬಹುಕಾಲ ಕಾಡಿತ್ತು. ಅರಾಮ್ಯರ ಸೇನಾಪತಿ ನಾಮಾನನ ಕಥೆ ನೆನಪು ಮಾಡಿಕೊಳ್ಳಿ. ಕುಷ್ಠ ವಾಸಿಯಾದ ಮೇಲೆ ಅವನು ಪ್ರವಾದಿ ಎಲೀಷನ ಮುಂದೆ ಸಂಕೋಚದಿಂದ ಒಂದು ಮಾತು ಕೇಳುತ್ತಾನೆ: ನನ್ನ ಅರಸ ರಿಮ್ಮೋನನ ಗುಡಿಯಲ್ಲಿ ನನ್ನ ತೋಳು ಹಿಡಿದು ಬಾಗುವಾಗ ನಾನೂ ಬಾಗಬೇಕಾಗುತ್ತದೆ, ಏನು ಮಾಡಲಿ? ಎಲೀಷ ಬೈಯುವುದಿಲ್ಲ, ಸಮಾಧಾನದಿಂದ ಕಳುಹಿಸಿಕೊಡುತ್ತಾನೆ. ಪೌಲನೂ ತಿಮೊಥೆಯನಿಗೆ ಸುನ್ನತಿ ಮಾಡಿಸಿದ. ತೀತನಿಗೆ ಮಾಡಿಸಲು ಒಪ್ಪಲಿಲ್ಲ. ಇನ್ನೊಬ್ಬರ ಎಳೆಯ ಮನಸ್ಸಿಗಾಗಿ ಒಂದಿಷ್ಟು ಬಗ್ಗುವುದಕ್ಕೆ ಪ್ರೀತಿ ಎಂದು ಹೆಸರು. ನಮ್ಮ ಸ್ಥಾನ ಉಳಿಸಿಕೊಳ್ಳಲು ಸತ್ಯವನ್ನು ಬಗ್ಗಿಸುವುದಕ್ಕೆ ಆ ಹೆಸರು ಸಲ್ಲದು. ರಮಾಬಾಯಿ ಶಾಲೆಯ ನಿಯಮದ ವಿಷಯದಲ್ಲಿ ಮಾತು ಕೊಟ್ಟರು, ಉಳಿಸಿಕೊಂಡರು. ತಾವು ಯಾರವರು ಎಂಬುದನ್ನು ಮುಚ್ಚಿಡುತ್ತೇನೆಂದು ಯಾರಿಗೂ ಮಾತು ಕೊಡಲಿಲ್ಲ.

ಅಲ್ಲಿಂದಲೇ ಮೂರನೆಯ ಉಪ್ಪಿನ ಕಥೆ. ಪುಣೆಯ ಸುಧಾರಕರು, ರಾನಡೆ, ಭಂಡಾರ್ಕರ್ ಅವರಂಥ ದೊಡ್ಡವರು, ಸದನದ ಸಲಹಾ ಮಂಡಳಿಯಲ್ಲಿದ್ದರು. ಆ ಹೆಸರುಗಳಿಲ್ಲದಿದ್ದರೆ ಈ ಊರಿನಲ್ಲಿ ಒಬ್ಬ ಕ್ರೈಸ್ತ ವಿಧವೆಯ ಬಳಿಗೆ ಯಾವ ಮನೆಯವರು ಮಗಳನ್ನು ಕಳುಹಿಸುತ್ತಿದ್ದರು? ರಮಾಬಾಯಿ ಬೆಳಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆಗೆ ಕೂರುತ್ತಿದ್ದರು. ಕದ ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ಬಂದು ಕೂತರು. ‘ಕೇಸರಿ’ ಪತ್ರಿಕೆ ಹರಿಹಾಯ್ದಿತು, ಊರು ಕುದಿಯಿತು. 1893ರಲ್ಲಿ ಮಂಡಳಿಯ ದೊಡ್ಡವರು ರಾಜೀನಾಮೆ ಕೊಟ್ಟರು, 20ಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು.

ಆ ಪೋಷಕರ ಭಯ ನನಗೆ ಅರ್ಥವಾಗುತ್ತದೆ. ನಂಬಿ ಬಿಟ್ಟುಹೋದ ಮಗಳು ಕೈತಪ್ಪಿದಳೇ ಎಂಬ ಸಂಕಟವನ್ನು ಕ್ರೈಸ್ತರಾದ ನಾವು ಕೀಳಾಗಿ ಕಾಣಬಾರದು. ಆದರೆ ರಮಾಬಾಯಿಯ ಕಡೆಯಿಂದ ನೋಡಿ. ಕದ ಮುಚ್ಚಿದ್ದರೆ ಸಾಕಿತ್ತು. ಚಿಲಕದ ಒಂದು ಸದ್ದಿನಲ್ಲಿ ದೊಡ್ಡವರ ಬೆಂಬಲ ಉಳಿಯುತ್ತಿತ್ತು, ಶಾಲೆ ತುಂಬಿರುತ್ತಿತ್ತು. ಶಾಲೆಗಾಗಿ ತಾನೇ, ವಿಧವೆಯರಿಗಾಗಿ ತಾನೇ ಎಂದು ಸಮಾಧಾನ ಹೇಳಿಕೊಳ್ಳಲು ಎಷ್ಟು ಒಳ್ಳೆಯ ಕಾರಣ! ರಾಜಿ ಯಾವಾಗಲೂ ಒಳ್ಳೆಯ ಕಾರಣವನ್ನು ಕೈಯಲ್ಲಿ ಹಿಡಿದೇ ಬರುತ್ತದೆ. ಆಕೆ ಯಾರನ್ನೂ ಒಳಗೆ ಎಳೆಯಲಿಲ್ಲ. ಕದವನ್ನೂ ಮುಚ್ಚಲಿಲ್ಲ.

ನಾಲ್ಕನೆಯದು ಸರ್ಕಾರದ ಉಪ್ಪು. ಆಳುವವರು ಕ್ರೈಸ್ತರು, ಆಕೆಯೂ ಕ್ರೈಸ್ತೆ. ಹೊಂದಿಕೊಂಡಿರಲು ಇದಕ್ಕಿಂತ ಸುಲಭದ ನೆಪ ಬೇಕೇ? 1897ರಲ್ಲಿ ಪುಣೆಯಲ್ಲಿ ಪ್ಲೇಗು. ಸರ್ಕಾರದ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರ ಪಾಡು ಏನಾಗಿದೆ ಎಂದು ರಮಾಬಾಯಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ನೇರವಾಗಿ ಬರೆದರು. ತಮ್ಮ ಆಶ್ರಯದ ಹುಡುಗಿಯೊಬ್ಬಳಿಗೆ ಅಲ್ಲಿ ಆದ ಅನ್ಯಾಯವನ್ನೂ ಹೇಳಿದರು. ವಿಷಯ ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಯಿತು. ಗವರ್ನರ್ ಸ್ಯಾಂಡ್‌ಹರ್ಸ್ಟ್ ಆ ಆರೋಪವನ್ನು ತಳ್ಳಿಹಾಕಿದ. ನಾಲ್ಕು ವರ್ಷದ ಹಿಂದೆ ಊರಿನ ಸನಾತನಿಗಳ ಸಿಟ್ಟಿಗೆ ಗುರಿಯಾಗಿದ್ದವರು ಈಗ ಆಳುವವರ ಸಿಟ್ಟಿಗೂ ಗುರಿಯಾದರು. ಆ ಹೊತ್ತಿಗೆ ಮಧ್ಯಪ್ರಾಂತದ ಬರದಿಂದ ಉಳಿಸಿ ತಂದ ನೂರಾರು ಹುಡುಗಿಯರಿಗೆ ಅವರು ಕೇಡಗಾಂವ್‌ನ ಹೊಲದಲ್ಲಿ ನೆಲೆ ಕಟ್ಟುತ್ತಿದ್ದರು. ಅದೇ ಮುಕ್ತಿ ಸದನ.

ಈಗ ನಮ್ಮ ಮನೆಯ ಮಾತು. ಇದನ್ನು ಹೇಳುವುದು ನನಗೆ ಕಷ್ಟ.

ಗುರುವಾರ ಪೇಠೆಯ ಪಂಚಹೌದದ ಮಿಷನ್ನಿನಲ್ಲಿ 1890ರ ಅಕ್ಟೋಬರಿನಲ್ಲಿ ರಾನಡೆ, ತಿಲಕರಾದಿಯಾಗಿ ಹಲವರು ಕೂತ ಚಹಾದ ಕೂಟ ದೊಡ್ಡ ವಿವಾದವಾಗಿ, ಕೊನೆಗೆ ರಾನಡೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಕ್ರೈಸ್ತರ ಚಹಾ ಕುಡಿದದ್ದಕ್ಕೆ ಪ್ರಾಯಶ್ಚಿತ್ತ! ನಮ್ಮ ಕೂಟಗಳಲ್ಲಿ ಈ ಕಥೆಯನ್ನು ತಲೆಯಲ್ಲಾಡಿಸುತ್ತಾ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಅದೇ ನಾನು, ಮಗನಿಗೆ ಹೆಣ್ಣು ನೋಡುವಾಗ, ಹುಡುಗಿಯ ವಿಶ್ವಾಸ ಹೇಗಿದೆ ಎಂದು ಕೇಳುವುದಕ್ಕೆ ಮೊದಲು ಕೇಳಿದ ಪ್ರಶ್ನೆ ‘ಮೂಲತಃ ಅವರು ಯಾರು?’ ಎಂದು. ‘ಮೂಲತಃ’ ಎಂಬ ಈ ಮಾತು ನಮ್ಮ ಸಭೆಗಳಲ್ಲಿ ಎಷ್ಟು ಸಭ್ಯವಾಗಿ ಓಡಾಡುತ್ತಿದೆ! ದೀಕ್ಷಾಸ್ನಾನದ ನೀರು ತಲೆಯ ಮೇಲೆ ಬಿದ್ದು ನಾಲ್ಕು ತಲೆಮಾರಾದರೂ ಆ ಒಂದು ಪದ ಒಣಗಿಯೇ ಉಳಿದಿದೆ. ಆದರೆ ಹಿಂದೆ ಮಂಗಳೂರಿನ ಬಾಸೆಲ್ ಮಿಷನ್ನಿನವರು ಸಭೆಯೊಳಗೆ ಜಾತಿ ಬೇಡವೆಂದು ಹಟ ಹಿಡಿದರು. ಜಾತಿ ಬಿಟ್ಟು ಬಂದವರಿಗೆ ಅನ್ನದ ದಾರಿಗಾಗಿ ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ತೆರೆದರು. ಜೆಪ್ಪುವಿನ ಹಂಚು ಹುಟ್ಟಿದ್ದು 1865ರಲ್ಲಿ. ಕೂಲಿ ಕೊಡುವ ಕೈಯೂ ಆಶೀರ್ವದಿಸುವ ಕೈಯೂ ಒಂದೇ ಆದಾಗ ಹುಟ್ಟುವ ತೊಡಕುಗಳು ಬೇರೆ. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಆ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ಆದರೂ ಸಭೆಗಳು ಉಳಿದವು. ಉಪ್ಪು ಕೊಟ್ಟ ಕೈ ಹೋದ ಮೇಲೂ ಉಳಿದ ಆ ವಿಶ್ವಾಸಕ್ಕೆ ನಾನು ಕೈಮುಗಿಯುತ್ತೇನೆ.

ಇನ್ನೊಂದು ಸಂಗತಿಯನ್ನು ಪಿಸುಮಾತಿನಲ್ಲಿ ಮಾತ್ರ ಆಡುತ್ತೇವೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಆ ಸೌಲಭ್ಯಗಳ ಹೊರಗೇ ಉಳಿದರು. ಹಾಗಾಗಿ ಪ್ರಮಾಣಪತ್ರದಲ್ಲಿ ಒಂದು ಧರ್ಮ, ಭಾನುವಾರ ಇನ್ನೊಂದು ಎಂಬ ಬಾಳು ಎಷ್ಟೋ ಮನೆಗಳದು. ಪೀಠದ ಮೇಲಿಂದ ಇದನ್ನು ‘ಲೋಕದೊಡನೆ ರಾಜಿ’ ಎಂದು ಖಂಡಿಸುವುದನ್ನು ಕೇಳಿದ್ದೇನೆ. ನನಗೆ ಆಗ ನಾಮಾನನೇ ನೆನಪಾಗುತ್ತಾನೆ. ಮಗಳ ಕಾಲೇಜಿನ ಫೀಸಿಗಾಗಿ ಆ ಕಾಗದಕ್ಕೆ ಸಹಿ ಹಾಕಿ, ರಾತ್ರಿ ಅಡುಗೆಮನೆಯಲ್ಲಿ ಅತ್ತ ತಾಯಿಯ ಮೇಲೆ ಮೊದಲ ಕಲ್ಲು ಎಸೆಯುವವರು ಯಾರು? ಆ ಹುಡುಗಿಯ ಫೀಸನ್ನು ಸಭೆ ಕಟ್ಟಿತೇ? ಅದಕ್ಕಾಗಿ ನಾವು ಕಾಣಿಕೆ ಎತ್ತಿದೆವೇ? ಎತ್ತಲಿಲ್ಲ. ನಾವು ಪೀಠದ ಹಿಂದಿನ ಗೋಡೆಗೆ ಅಮೃತಶಿಲೆ ಹಾಕಿಸಿದೆವು, ಕೊಟ್ಟವರ ಹೆಸರನ್ನು ಅದರ ಮೇಲೆ ಕೆತ್ತಿಸಿದೆವು. ಆಕೆಯ ರಾಜಿ ಬಡತನದ್ದು, ಅದಕ್ಕೆ ಕಣ್ಣೀರಿದೆ. ನಮ್ಮದಕ್ಕೆ ಕಣ್ಣೀರೂ ಇಲ್ಲ.

ಐಟಿ ಕಂಪನಿಗಳ ಸಂಬಳದಿಂದ ನಮ್ಮ ಮಕ್ಕಳು ಚೆನ್ನಾಗಿದ್ದಾರೆ, ದೇವರಿಗೆ ಸ್ತೋತ್ರ. ಆದರೆ ವಿಶ್ವಾಸಿಗೆ ಕಾರು ಬಂದರೆ ಆಶೀರ್ವಾದ, ಕಾಯಿಲೆ ಬಂದರೆ ಗುಪ್ತ ಪಾಪ ಎಂಬ ಬೋಧನೆ ಈಗ ಮೊಬೈಲಿನಲ್ಲಿ ಎಲ್ಲ ಮನೆಗಳಿಗೂ ಬರುತ್ತಿದೆ. ಪ್ಲೇಗಿನ ಊರಿನಲ್ಲಿ ನಿಂತಿದ್ದ ರಮಾಬಾಯಿಗೆ ಆ ಬೋಧನೆ ಏನು ಹೇಳೀತು? 1921ರಲ್ಲಿ ಮಗಳು ಮನೋರಮೆಯನ್ನೂ ಕಳೆದುಕೊಂಡ ತಾಯಿಗೆ? ಕಲಬುರಗಿಯಲ್ಲಿ 1912ರಲ್ಲಿ ಕ್ರೈಸ್ತ ಹೈಸ್ಕೂಲು ಕಟ್ಟಲು ದುಡಿದ ಆ ಮನೋರಮೆಯ ಶ್ರಮದ ಫಲವನ್ನು ಉಂಡ ಕುಟುಂಬಗಳು ನಮ್ಮಲ್ಲೇ ಇರಬಹುದು.

ರಮಾಬಾಯಿಯ ಕೊನೆಯ ಕೆಲಸದ ವಿಷಯ ಹೇಳಿ ನಿಲ್ಲಿಸುತ್ತೇನೆ. ನಡುವಯಸ್ಸು ದಾಟಿದ ಮೇಲೆ ಅವರು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮೂಲದಿಂದ ಮರಾಠಿಗೆ ತಂದರು. ಲೋಕ ಅವರಿಗೆ ಕೊಟ್ಟಿದ್ದ ದೊಡ್ಡ ಆಸ್ತಿ ಸಂಸ್ಕೃತ. ‘ಸರಸ್ವತಿ’ ಎನಿಸಿದ್ದು ಅದರಿಂದ, ವಿರೋಧಿಗಳೂ ತಲೆಬಾಗಿದ್ದು ಅದಕ್ಕೆ. ಅನುವಾದಕ್ಕೆ ಕೂತಾಗ ಆ ಸಂಸ್ಕೃತವನ್ನೇ ಅವರು ಬದಿಗಿಟ್ಟರು. ಪಂಡಿತರು ಮೆಚ್ಚುವ ಪದಗಳನ್ನು ಬಿಟ್ಟು, ಬರದಿಂದ ಬಂದ ಹಳ್ಳಿಯ ಹೆಂಗಸಿಗೆ ತಿಳಿಯುವ ಮಾತು ಹುಡುಕಿದರು. ಮುಕ್ತಿ ಸದನದ ಹೆಂಗಸರೇ ಅಚ್ಚಿನ ಮೊಳೆ ಜೋಡಿಸಿದರು. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡಾಗ ಅನುವಾದ ಮುಗಿದಿತ್ತು, ಪುಸ್ತಕ ಹೊರಬಂದದ್ದು 1924ರಲ್ಲಿ.

ಮುಂದಿನ ಸಲ ಗಾಡಿ ಕೇಡಗಾಂವ್ ದಾಟುವಾಗ ಬುತ್ತಿ ಬಿಚ್ಚುವ ಮುಂಚೆ ಪಕ್ಕದಲ್ಲಿ ಕೂತ ಮಕ್ಕಳಿಗೆ ಆ ತೆರೆದ ಕದದ ಕಥೆ ಹೇಳಿ. ನನ್ನ ಮಗನಿಗೆ ನಾನು ಹೇಳಿದ್ದೇನೆ, ಹೆಣ್ಣು ನೋಡುವಾಗ ಕೇಳಿದ ಆ ಪ್ರಶ್ನೆಗೆ ಅವನಲ್ಲಿ ಕ್ಷಮೆ ಬೇಡಿದ ದಿನವೇ.